ಒಂದು ಪಾವು ಕಾಳು ಎಷ್ಟು ಗ್ರಾಂ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಯಾವ ಕಾಲದಲ್ಲೂ ತಪ್ಪುವುದಿಲ್ಲ. "ಅಮ್ಮನ ಪುಸ್ತಕದಲ್ಲಿ ಒಂದು ಪಾವು ಕಡಲೆಬೇಳೆ ಅಂತ ಇದೆ. ಅದು ಎಷ್ಟು ಗ್ರಾಂ?" ಕೇಳುವವರು ಬಗೆಬಗೆಯವರು. ಮದುವೆಯಾಗಿ ಪುಣೆಗೆ ಹೋದವರು, ಮೊದಲ ಸಲ ಸ್ವಂತ ಅಡುಗೆ ಶುರುಮಾಡಿದ ಹುಡುಗರು, ನ್ಯೂಜೆರ್ಸಿಯಲ್ಲಿ ಪೌಂಡ್ ಲೆಕ್ಕದ ಕಾಳಿನ ಚೀಲ ತಂದು ಕಪ್ ಲೆಕ್ಕದ ರೆಸಿಪಿ ಮುಂದಿಟ್ಟುಕೊಂಡವರು. ಹಬ್ಬದ ಹಿಂದಿನ ವಾರ ಈ ಪತ್ರಗಳು ಹೆಚ್ಚುತ್ತವೆ. ಕೆಲವರು ಪಟ್ಟಿಯನ್ನೇ ಕೇಳುತ್ತಾರೆ: ಹೆಸರುಕಾಳಿಗೆ ಇಷ್ಟು, ಅಲಸಂದೆಗೆ ಇಷ್ಟು, ಹುರುಳಿಗೆ ಇಷ್ಟು ಎಂದು ಕಾಳುಕಾಳಿಗೂ ಬೇರೆ ಬೇರೆ ಲೆಕ್ಕ.

ಅಂಥ ಉದ್ದದ ಪಟ್ಟಿ ಬೇಕಿಲ್ಲ ಎನ್ನುವುದೇ ನನ್ನ ಉತ್ತರ. ಒಣಗಿದ ಕಾಳು ಯಾವುದೇ ಇರಲಿ, ಲೀಟರಿಗೆ 800 ಗ್ರಾಂ ಎಂದು ಹಿಡಿಯಿರಿ. ಪಾತ್ರೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೋ ಅದನ್ನು ನಾಲ್ಕರಿಂದ ಗುಣಿಸಿ ಐದರಿಂದ ಭಾಗಿಸಿದರೆ ಗ್ರಾಂ ಸಿಕ್ಕಿತು. 250 ಮಿಲಿಲೀಟರಿನ ಪಾತ್ರೆಯಲ್ಲಿ 200 ಗ್ರಾಂ ಕಾಳು. ಲೆಕ್ಕ ದಾರಿ ತಪ್ಪುವುದು ಹೆಚ್ಚಾಗಿ ಕಾಳಿನಿಂದಲ್ಲ, ಅಳೆಯುವ ಪಾತ್ರೆಯಿಂದ ಮತ್ತು ಅಳೆಯುವ ಕೈಯಿಂದ. ಇವತ್ತಿನ ಬರಹದ ಹೆಚ್ಚು ಭಾಗ ಅವೆರಡಕ್ಕೇ ಮೀಸಲು. ಅದಕ್ಕೂ ಮೊದಲು ಈ 800 ಎಲ್ಲಿಂದ ಬಂತು ಎಂದು ನೋಡಬೇಕು. ಕಾರಣ ತಿಳಿದಿದ್ದರೆ ಲೆಕ್ಕ ಮರೆಯುವುದಿಲ್ಲ, ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ತಾನಾಗಿ ಹೊಳೆಯುತ್ತದೆ.

ಕಾಳು ನೆನೆಹಾಕುವಾಗ ನೋಡಿರುತ್ತೀರಿ, ಒಳ್ಳೆಯ ಕಾಳು ತಳಕ್ಕೆ ಹೋಗುತ್ತದೆ. ಹುಳ ತಿಂದು ಟೊಳ್ಳಾದದ್ದು ಮೇಲೆ ತೇಲುತ್ತದೆ, ಅದನ್ನು ಕೈಯಲ್ಲಿ ಸವರಿ ತೆಗೆದು ಚೆಲ್ಲುತ್ತೇವೆ. ತಳಕ್ಕೆ ಹೋಗುತ್ತದೆ ಎಂದರೆ ಕಾಳು ನೀರಿಗಿಂತ ಭಾರ ಎಂದಾಯಿತು. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಸಂದಿಯೇ ಇಲ್ಲದಂತೆ ಗಟ್ಟಿಯಾಗಿ ತುಂಬಿದ ಒಂದು ಲೀಟರ್ ಕಾಳು ಸುಮಾರು 1300 ಗ್ರಾಂ ತೂಗಬೇಕು. ನಾವು ಅಳೆದಾಗ 800 ಮಾತ್ರ ಬರುವುದು ಏಕೆಂದರೆ ಪಾತ್ರೆಯಲ್ಲಿ ಕಾಳಿನ ಜೊತೆಗೆ ಗಾಳಿಯನ್ನೂ ಅಳೆಯುತ್ತಿರುತ್ತೇವೆ. ಇದನ್ನು ಕಣ್ಣಾರೆ ನೋಡುವುದು ಸುಲಭ. ಒಂದು ಪಾವು ಕಡಲೆಕಾಳನ್ನು ಕಂಠಮಟ್ಟಕ್ಕೆ ತುಂಬಿ. ಪಕ್ಕದಲ್ಲಿ ಅಳೆದಿಟ್ಟ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿಯಿರಿ. ತುಂಬಿದ ಪಾತ್ರೆ, ಇನ್ನೇನು ಹಿಡಿದೀತು ಅನ್ನಿಸುತ್ತದೆ. ಆದರೆ ನೀರು ಇಳಿಯುತ್ತಲೇ ಹೋಗುತ್ತದೆ, ಕಾಳಿನ ನಡುವಿಂದ ಸಣ್ಣ ಗುಳ್ಳೆಗಳು ಏಳುತ್ತವೆ. 250 ಮಿಲಿಲೀಟರಿನ ಪಾವಾದರೆ ನೂರರ ಹತ್ತಿರ ನೀರು ಕುಡಿದ ಮೇಲಷ್ಟೇ ಅದು ಅಂಚಿಗೆ ಬಂದು ನಿಲ್ಲುತ್ತದೆ. ಕಾಳು ನೀರು ಹೀರಲು ಶುರುಮಾಡುವ ಮೊದಲೇ ಇದನ್ನು ಮುಗಿಸಬೇಕು, ಅಷ್ಟೆ. ಆ ನೀರು ಹೋಗಿ ಕೂತ ಜಾಗವೆಲ್ಲ ಮೊದಲು ಗಾಳಿಯದು. ಪಾತ್ರೆಯ ನೂರರಲ್ಲಿ ಅರವತ್ತು ಪಾಲಿಗೆ ತುಸು ಮೇಲೆ ಕಾಳು, ಉಳಿದದ್ದು ಸಂದಿ. 1300ರಲ್ಲಿ ನೂರಕ್ಕೆ ಅರವತ್ತೆರಡು ಪಾಲು ತೆಗೆದರೆ 806.

ಈ ಅರವತ್ತು ಚಿಲ್ಲರೆಯ ಹಿಂದೆ ದೊಡ್ಡ ಕತೆಯೇ ಇದೆ. ಗುಂಡುಗಳನ್ನು ಎಷ್ಟು ಒತ್ತಾಗಿ ಜೋಡಿಸಬಹುದು ಎಂಬ ಪ್ರಶ್ನೆಯನ್ನು ಯೋಹಾನೆಸ್ ಕೆಪ್ಲರ್ 1611ರಲ್ಲಿ ಎತ್ತಿದ. ಅಂಗಡಿಯವರು ಕಿತ್ತಳೆಹಣ್ಣು ಪೇರಿಸುವ ರೀತಿಯೇ ಅತಿ ಒತ್ತಾದದ್ದು, ಅದನ್ನು ಮೀರಿಸಲು ಆಗದು ಎಂಬುದು ಅವನ ಊಹೆ. ಆ ಜೋಡಣೆಯಲ್ಲಿ ನೂರಕ್ಕೆ 74 ಪಾಲು ಜಾಗ ತುಂಬುತ್ತದೆ. ಊಹೆ ಸರಿಯೆಂದು ಸಾಧಿಸಿ ತೋರಿಸಲು 1998ರವರೆಗೆ ಕಾಯಬೇಕಾಯಿತು, ತೋರಿಸಿದವರು ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್. ಆದರೆ ಪಾವಿಗೆ ಕಾಳು ಸುರಿಯುವಾಗ ಯಾರೂ ಒಂದೊಂದನ್ನೇ ಜೋಡಿಸುವುದಿಲ್ಲ. ಹೇಗೆಂದರೆ ಹಾಗೆ ಬಿದ್ದ ಗುಂಡುಗಳು, ಎಷ್ಟೇ ಕುಲುಕಿದರೂ, ನೂರಕ್ಕೆ 64ರ ಸುತ್ತ ನಿಂತುಬಿಡುತ್ತವೆ. ಇಲ್ಲಿ ಗುಂಡಿನ ಗಾತ್ರಕ್ಕೆ ಬೆಲೆಯೇ ಇಲ್ಲ. ಸಾಸಿವೆಯಂಥದ್ದಿರಲಿ, ಗೋಲಿಯಂಥದ್ದಿರಲಿ, ಪಾತ್ರೆ ಸಾಕಷ್ಟು ದೊಡ್ಡದಿದ್ದು ಎಲ್ಲ ಗುಂಡುಗಳೂ ಒಂದೇ ಗಾತ್ರದವಾದರೆ ಸಂದಿಯ ಪಾಲು ಒಂದೇ. ಹೆಸರುಕಾಳಿಗೂ ಕಾಬೂಲಿ ಕಡಲೆಗೂ ಹೆಚ್ಚುಕಡಿಮೆ ಒಂದೇ ಲೆಕ್ಕ ಸಾಕಾಗುವುದು ಇದರಿಂದಲೇ.

ಇನ್ನೊಬ್ಬ ಹೇಲ್ಸ್ ಕೂಡ ಇದ್ದಾನೆ, ಅವನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಸ್ಟೀಫನ್ ಹೇಲ್ಸ್ ಇಂಗ್ಲೆಂಡಿನ ಪಾದ್ರಿ. ಗಿಡಗಳ ಒಳಗೆ ನೀರು ಹೇಗೆ ಓಡಾಡುತ್ತದೆ ಎಂದು ಪರೀಕ್ಷೆ ಮಾಡಿ 1727ರಲ್ಲಿ ಪುಸ್ತಕ ಬರೆದವನು. ಅವನು ಕಬ್ಬಿಣದ ಮಡಕೆಗೆ ಬಟಾಣಿ ತುಂಬಿ ನೀರು ಹಾಕಿ, ಮುಚ್ಚಳದ ಮೇಲೆ ಭಾರ ಹೇರಿದ. ನೆನೆದ ಬಟಾಣಿ ಹಿಗ್ಗಿತು. ಮೇಲೇಳಲು ದಾರಿಯಿಲ್ಲದೆ ಸಂದಿಗಳನ್ನೆಲ್ಲ ತಾನೇ ತುಂಬಿಕೊಂಡಿತು. ಹೊರತೆಗೆದು ನೋಡಿದರೆ ಉರುಟು ಬಟಾಣಿಗಳು ಒಂದನ್ನೊಂದು ಒತ್ತಿಕೊಂಡು ಹನ್ನೆರಡು ಮುಖದ ಹರಳಿನಂತಾಗಿದ್ದವು. ನಮ್ಮ ಮನೆಗಳಲ್ಲಿ ರಾತ್ರಿ ಚಿಕ್ಕ ಡಬ್ಬಿಯಲ್ಲಿ ಬಟಾಣಿ ನೆನೆಹಾಕಿ ಮುಚ್ಚಳ ಬಿಗಿದರೆ ಬೆಳಿಗ್ಗೆ ಮುಚ್ಚಳ ಮೇಲೆದ್ದಿರುತ್ತದಲ್ಲ, ಅದೇ ಬಲ.

ಎಲ್ಲ ಕಾಳೂ ಉರುಟಲ್ಲ, ಹಾಗಾಗಿ 800ರ ಆಚೀಚೆ ಸ್ವಲ್ಪ ಓಲಾಟ ಇದ್ದೇ ಇದೆ. ಹೆಸರುಕಾಳು, ಉದ್ದು, ತೊಗರಿ ಇವು ಲೀಟರಿಗೆ 850ರಿಂದ 870ರವರೆಗೆ ಹೋಗುತ್ತವೆ. ಕಾಬೂಲಿ ಕಡಲೆ 840ರ ಹತ್ತಿರ. ರಾಜ್ಮಾ 780ರ ಸುತ್ತ, ಅಲಸಂದೆ ಇನ್ನೂ ಹಗುರ, 700ರ ಸುಮಾರು. ಮೂತ್ರಪಿಂಡದ ಆಕಾರದ ದೊಡ್ಡ ಕಾಳು ಚಿಕ್ಕ ಪಾತ್ರೆಯ ಗೋಡೆಗೆ ಸರಿಯಾಗಿ ಅಂಟಿ ಕೂರುವುದಿಲ್ಲ, ಅಂಚಿನಲ್ಲಿ ಜಾಗ ಬಿಟ್ಟುಕೊಳ್ಳುತ್ತದೆ. ರಾಜ್ಮಾವನ್ನು ಚಿಕ್ಕ ಲೋಟದಲ್ಲಿ ಅಳೆಯುವುದಕ್ಕಿಂತ ದೊಡ್ಡ ಪಾತ್ರೆಯಲ್ಲಿ ಅಳೆದರೆ ಲೆಕ್ಕ ಹೆಚ್ಚು ನಂಬಬಹುದು. ಇಷ್ಟನ್ನೂ ನೆನಪಿಡುವುದು ಬೇಡವೆಂದರೆ ಎರಡೇ ಅಂಕಿ ಸಾಕು. ಚಿಕ್ಕ ಕಾಳಿಗೆ, ಒಡೆದ ಬೇಳೆಗೆ 850. ದೊಡ್ಡ ಉದ್ದುದ್ದ ಕಾಳಿಗೆ 750. ಗೊತ್ತಿಲ್ಲದಿದ್ದರೆ ನಡುವಿನ 800. ಪಾವಿನ ಮೇಲೆ ಹತ್ತು ಹನ್ನೆರಡು ಗ್ರಾಂ ಹೆಚ್ಚುಕಡಿಮೆಯಾದರೆ ಹುಳಿಯ ರುಚಿ ಕೆಡುವುದಿಲ್ಲ.

ಈ ಅಂದಾಜು ನಮ್ಮ ಅಡುಗೆಮನೆಯದು ಮಾತ್ರವಲ್ಲ. ಅಮೆರಿಕದಲ್ಲಿ ಸೋಯಾ ಕಾಳಿನ ಧಾರಣೆಯನ್ನು ಇವತ್ತಿಗೂ ಬುಷೆಲ್ ಲೆಕ್ಕದಲ್ಲೇ ಹೇಳುತ್ತಾರೆ. ಬುಷೆಲ್ ಮೂಲದಲ್ಲಿ ಕೊಳಗದ ಹಾಗೆ ಅಳತೆಯ ಪಾತ್ರೆ, 35.24 ಲೀಟರ್ ಹಿಡಿಯುವಂಥದ್ದು. ಆದರೆ ಈಗ ಅಲ್ಲಿ ಯಾರೂ ಪಾತ್ರೆಯಲ್ಲಿ ಅಳೆಯುವುದಿಲ್ಲ. ಸೋಯಾಗೂ ಒಣ ಬೀನ್ಸಿಗೂ ಬುಷೆಲಿಗೆ 60 ಪೌಂಡ್, ಅಂದರೆ 27.2 ಕಿಲೋ ಎಂದು ಗೊತ್ತುಮಾಡಿ ತೂಗಿಯೇ ಮಾರುತ್ತಾರೆ. ಭಾಗಿಸಿ ನೋಡಿ, ಲೀಟರಿಗೆ 772 ಗ್ರಾಂ. ನಮ್ಮ ನಾಲ್ಕೈದರ ಲೆಕ್ಕವನ್ನೇ ಅವರು ವ್ಯಾಪಾರದ ಕಟ್ಟಳೆಯಾಗಿ ಮಾಡಿಕೊಂಡಿದ್ದಾರೆ.

ಈಗ ಪಾತ್ರೆಯ ವಿಚಾರಕ್ಕೆ ಬರೋಣ. ಕಾಳಿನಲ್ಲಿ ಹತ್ತು ಗ್ರಾಂ ವ್ಯತ್ಯಾಸವಾದರೆ ಪಾತ್ರೆಯಲ್ಲಿ ಐವತ್ತು ಗ್ರಾಂ ಆಗುತ್ತದೆ. ಪಾವು ಎಂದರೆ ಸೇರಿನ ಕಾಲು ಭಾಗ. ಎರಡು ಪಾವಿಗೆ ಒಂದು ಅಚ್ಚೇರು, ನಾಲ್ಕಕ್ಕೆ ಸೇರು. ಇಷ್ಟು ಎಲ್ಲರಿಗೂ ಗೊತ್ತು. ಆ ಸೇರು ಎಷ್ಟು ದೊಡ್ಡದು ಎನ್ನುವಲ್ಲಿ ಸೀಮೆಗೊಂದು ಉತ್ತರ. ಹಳೆಯ ಹಿತ್ತಾಳೆ ಪಾವುಗಳಲ್ಲಿ 200 ಮಿಲಿಲೀಟರಿಗೆ ತುಂಬುವವೂ ಇವೆ, 250 ದಾಟುವವೂ ಇವೆ. ಸ್ಟೀಲ್ ಅಂಗಡಿಯಲ್ಲಿ ಈಗ ಪಾವು ಎಂದು ಕೊಡುವುದು ಇನ್ನೊಂದು ಅಳತೆ. ಕರಾವಳಿಯವರ ಪುಸ್ತಕದಲ್ಲಿ ಕುಡ್ತೆ, ಸಿದ್ದೆ ಬರುತ್ತವೆ. ಬಯಲುಸೀಮೆ, ಉತ್ತರ ಕರ್ನಾಟಕದ ಕಡೆ ಗಿದ್ನ, ಸೊಲಗಿ. ಪಕ್ಕದೂರಿನ ಪಾವು ನಮ್ಮೂರಿನ ಪಾವಲ್ಲದಿದ್ದ ಕಾಲದಲ್ಲಿ ಬರೆದಿಟ್ಟ ಅಡುಗೆಯನ್ನು ಇವತ್ತಿನ ಗ್ರಾಂಗೆ ತರುವಾಗ, ಅದನ್ನು ಬರೆದವರ ಕೈಯಲ್ಲಿದ್ದ ಪಾತ್ರೆ ಯಾವುದು ಎಂದು ಕೇಳದೆ ಮುಂದುವರಿಯುವಂತಿಲ್ಲ.

ಸೇರಿನಲ್ಲಿ ಇನ್ನೊಂದು ತೊಡಕಿದೆ. ಅಳತೆಗೊಂದು ಸೇರು, ತೂಕಕ್ಕೊಂದು ಸೇರು. ಅಕ್ಕಿ, ರಾಗಿ, ಕಾಳುಗಳನ್ನು ಅಳೆಯುತ್ತಿದ್ದದ್ದು ಪಾತ್ರೆಯ ಸೇರಿನಲ್ಲಿ. ಬೆಲ್ಲ, ಹುಣಸೆ, ಮೆಣಸಿನಕಾಯಿಗಳನ್ನು ತೂಗುತ್ತಿದ್ದದ್ದು ತಕ್ಕಡಿಯ ಸೇರಿನಲ್ಲಿ. ಆ ತೂಕದ ಸೇರಿನಲ್ಲೂ ಎರಡು ಬಗೆ. ಪಕ್ಕಾ ಸೇರು 80 ತೊಲದ್ದು, ಈಗಿನ ಲೆಕ್ಕದಲ್ಲಿ 933 ಗ್ರಾಂ. ಕಚ್ಚಾ ಸೇರು 24 ತೊಲದ್ದು, 280 ಗ್ರಾಂ. ಹಾಗಾಗಿ ಹಳೆಯ ಪುಸ್ತಕದಲ್ಲಿ "ಒಂದು ಸೇರು ಬೇಳೆ, ಒಂದು ಸೇರು ಬೆಲ್ಲ" ಎಂದಿದ್ದರೆ ಎರಡೂ ಒಂದೇ ತೂಕವೆಂದು ತಿಳಿಯುವ ಹಾಗಿಲ್ಲ. ಬೇಳೆ 800 ಗ್ರಾಮಿನ ಆಸುಪಾಸಿನದಾಗಿ, ಬೆಲ್ಲ 280 ಗ್ರಾಂ ಇದ್ದಿರಬಹುದು, 933 ಕೂಡ ಇದ್ದಿರಬಹುದು. ಸಿಹಿ ಎಷ್ಟಿರಬೇಕು ಎಂದು ನಾಲಿಗೆ ಬಲ್ಲವರು ಮನೆಯಲ್ಲಿದ್ದರೆ ಮೊದಲು ಅವರನ್ನು ಕೇಳಿ.

1956ರಲ್ಲಿ ದೇಶಕ್ಕೆಲ್ಲ ಒಂದೇ ತೂಕ, ಅಳತೆಯ ಕಾಯಿದೆ ಬಂತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಪೇಟೆಗೆ ಕಾಲಿಟ್ಟಿತು. ಸೇರು ಕಾನೂನಿನ ಪುಸ್ತಕದಿಂದ ಹೋಯಿತೇ ಹೊರತು ಮನೆಯಿಂದ ಹೋಗಲಿಲ್ಲ. ಹಾಗೆ ಉಳಿದದ್ದರಲ್ಲಿ ಒಂದು ಹಿತವೂ ಇದೆ ಎಂದು ನಾನು ನಂಬುತ್ತೇನೆ. ದಿನಾ ಕೈಯಾಡುವ ಪಾತ್ರೆಗೆ ಒಂದು ಅಂದಾಜು ಕೂತಿರುತ್ತದೆ, ಅದನ್ನು ಯಾವ ತಕ್ಕಡಿಯೂ ಕೊಡದು.

ನಿಮ್ಮ ಪಾವು ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ನೀರೇ ಸಾಕು. ತಕ್ಕಡಿಯ ಮೇಲೆ ಖಾಲಿ ಪಾವು ಇಟ್ಟು ಸೊನ್ನೆ ಮಾಡಿ. ಅಂಚಿನವರೆಗೆ ನೀರು ತುಂಬಿ. ತೂಕ ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿಲೀಟರ್. ಹಳೆಯ ಪಾವಾದರೆ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಕಾಳಿನ ಮೂಟೆಯೊಳಗೆ ವರ್ಷಗಟ್ಟಲೆ ಒತ್ತಿ ಒತ್ತಿ ಅಂಚು ಒಂದು ಕಡೆ ಸವೆದು ತೆಳ್ಳಗಾಗಿರುತ್ತದೆ, ಹೊಟ್ಟೆಯಲ್ಲಿ ಒಂದೆರಡು ತಗ್ಗು ಬಿದ್ದಿರುತ್ತವೆ. ಸವೆದ ಕಡೆಯಿಂದಲೇ ನೀರು ಮೊದಲು ಹರಿದು ಹೋಗುತ್ತದೆ, ಆ ಮಟ್ಟವೇ ಅದರ ನಿಜವಾದ ಅಳತೆ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಸಾಕು, ಎರಡು ಪಾವು ತುಂಬಿ ಎಷ್ಟು ಉಳಿಯಿತು ಅಥವಾ ಸಾಲದೆ ಹೋಯಿತು ಎಂದು ನೋಡಿದರೆ ಗೊತ್ತಾಗುತ್ತದೆ.

ಹೊರದೇಶದಲ್ಲಿರುವವರಿಗೂ ಇದೇ ಮಾತು. ಅಮೆರಿಕದ ಕಪ್ 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ ಬರೀ 180. ಮೂರನ್ನೂ ಕಪ್ ಎಂದೇ ಕರೆಯುತ್ತಾರೆ. ಕಾಳಿನಲ್ಲಿ ಅವು ಕ್ರಮವಾಗಿ 190, 200, 145 ಗ್ರಾಂ. ಒಂದು ಪೌಂಡಿನ ಚೀಲ ಎಂದರೆ ಅಮೆರಿಕದ ಕಪ್ಪಿನಲ್ಲಿ ಎರಡೂವರೆಗೆ ತುಸು ಕಡಿಮೆ. ಡಬ್ಬಿಯಲ್ಲಿ ಬೆಂದು ಬರುವ 15 ಔನ್ಸಿನ ಕಾಳಿನ ಬಗ್ಗೆಯೂ ಆಗಾಗ ಕೇಳುತ್ತಾರೆ. ನೀರು ಬಸಿದ ಮೇಲೆ ಅದರಲ್ಲಿರುವುದು ನೂರು ಗ್ರಾಮಿಗೆ ಸ್ವಲ್ಪ ಮೇಲೆ ಒಣಕಾಳು ಬೇಯಿಸಿದಷ್ಟೇ.

ಪಾತ್ರೆ ಗೊತ್ತಾಯಿತು, ಇನ್ನು ಕೈ. ಒಂದೇ ಪಾವಿನಲ್ಲಿ ಅತ್ತೆ ಅಳೆದರೆ ಒಂದು ತೂಕ, ಸೊಸೆ ಅಳೆದರೆ ಇನ್ನೊಂದು. ಮೇಲಿನಿಂದ ಹಗುರಕ್ಕೆ ಸುರಿದು ಸವರಿದರೆ ಕಾಳು ಸಡಿಲವಾಗಿ ಕೂರುತ್ತದೆ. ಪಾವನ್ನು ನೆಲಕ್ಕೆ ಎರಡು ಸಲ ತಟ್ಟಿದರೆ ಕುಸಿದು, ಇನ್ನೊಂದು ಹಿಡಿಗೆ ಜಾಗವಾಗುತ್ತದೆ. ಹೀಗೆ ತಟ್ಟುವುದರಿಂದಲೇ ಹತ್ತರಲ್ಲಿ ಒಂದು ಪಾಲಿನವರೆಗೆ ತೂಕ ಹೆಚ್ಚಬಹುದು. ನಾನು ಕೊಟ್ಟ ಅಂಕಿಗಳೆಲ್ಲ ಸುರಿದು, ಅಂಗೈಯಿಂದ ಸವರಿ ಮಟ್ಟ ಮಾಡಿದ ಅಳತೆಯವು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಗೋಪುರದಿಂದ. ಕಣದಲ್ಲಿ ರಾಶಿ ಅಳೆಯುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಕೂಗಿ, ಎರಡು, ಮೂರು ಎಂದು ಮುಂದುವರಿಯುತ್ತಾರೆ. ಪ್ರತಿ ಸಲವೂ ಕಾಳು ಅಂಚು ದಾಟಿ ಮೇಲೇರಿ, ಇನ್ನು ಒಂದು ಕಾಳೂ ನಿಲ್ಲದೆ ಸುತ್ತ ಜಾರಿ ಬೀಳುವವರೆಗೆ ತುಂಬುತ್ತಾರೆ. ಕಾಳಿನ ರಾಶಿ ಸುಮಾರು 25 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಏಳು ಸೆಂಟಿಮೀಟರ್ ಬಾಯಿಯ ಪಾವಿನ ಮೇಲೆ ಗೋಪುರ ಕಟ್ಟಿದರೆ ಹೆಚ್ಚಾಗುವುದು ಇಪ್ಪತ್ತು ಮಿಲಿಲೀಟರ್, ಒಂದು ಚಿಕ್ಕ ಹಿಡಿ. ಹನ್ನೆರಡು ಸೆಂಟಿಮೀಟರ್ ಬಾಯಿಯ ಒಂದು ಲೀಟರಿನ ಸೇರಿನ ಮೇಲೆ ನೂರು ಮಿಲಿಲೀಟರ್. ಅದೇ ಒಂದು ಲೀಟರನ್ನು ಹದಿನಾರು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ಪಾತ್ರೆಯಾಗಿ ಮಾಡಿಸಿದರೆ ಗೋಪುರವೊಂದೇ 250 ಮಿಲಿಲೀಟರ್, ಸೇರಿಗೆ ಇನ್ನೂರು ಗ್ರಾಂ ಹೆಚ್ಚು. ನೀರು ತುಂಬಿ ನೋಡಿದರೆ ಎರಡು ಪಾತ್ರೆಗೂ ವ್ಯತ್ಯಾಸವಿಲ್ಲ. ಕಾಳನ್ನು ಗೋಪುರ ಕಟ್ಟಿ ತುಂಬಿದರೆ ಸುಮಾರು ನೂರೈವತ್ತು ಮಿಲಿಲೀಟರಿನ ವ್ಯತ್ಯಾಸ. ಅಗಲ ಬಾಯಿಯದರಲ್ಲಿ ಗೋಪುರ ಕಟ್ಟಿ ಕೊಂಡು, ಕಿರಿದು ಬಾಯಿಯದರಲ್ಲಿ ಸವರಿ ಮಾರಿದರೆ ರೈತನಿಗೂ ಕೊಳ್ಳುವವರಿಗೂ ಅನ್ಯಾಯ, ಅದನ್ನು ಎತ್ತಿ ತೋರಿಸಲು ಯಾವ ಮುದ್ರೆಯೂ ಸಾಲದು. ಯುರೋಪಿನಲ್ಲೂ ಜಮೀನುದಾರರು ಗೇಣಿಯನ್ನು ಗೋಪುರವಾಗಿ ಪಡೆದು ರೈತರನ್ನು ಹಿಂಡಿದ್ದನ್ನು ಪೋಲೆಂಡಿನ ಇತಿಹಾಸಕಾರ ವಿಟೋಲ್ಡ್ ಕುಲಾ ಅಳತೆಗಳ ಕುರಿತ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಬ್ರಿಟನ್ನಿನ 1835ರ ಕಾಯಿದೆ ಗೋಪುರದ ಅಳತೆಯನ್ನೇ ಇಲ್ಲವಾಗಿಸಿತು. ಪಾತ್ರೆ ಬಿಟ್ಟು ತಕ್ಕಡಿಗೆ ಬಂದದ್ದು ಬಡವರ ಪಾಲಿಗೆ ದೊಡ್ಡ ರಕ್ಷೆ ಎಂದೇ ನನ್ನ ಎಣಿಕೆ.

ಅದಕ್ಕಾಗಿಯೇ ಬೀದಿಬದಿಯ ಸೇರಿನ ಬಗ್ಗೆ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಸುಲಿದ ಅವರೆಕಾಳನ್ನು ಚಳಿಗಾಲ ಪೂರ್ತಿ ಸೇರು, ಪಾವಿನಲ್ಲಿ ಕೊಡುತ್ತಾರೆ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಗೂ ಸೇರಿನ ಲೆಕ್ಕವೇ. ಕಾನೂನು ಇದನ್ನು ಒಪ್ಪುವುದಿಲ್ಲ. ಚಳಿಯಲ್ಲಿ ಕೂತು ಬೆರಳು ಸೋತುಹೋಗುವಷ್ಟು ಅವರೆ ಸುಲಿಯುವ ಹೆಂಗಸರ ಮೇಲೆ ಆ ಕಾನೂನು ಹೇರಬೇಕೆಂದು ನಾನೂ ಹೇಳುವುದಿಲ್ಲ. ಕೊಳ್ಳುವವರಿಗೆ ಲೆಕ್ಕ ಗೊತ್ತಿರಲಿ, ಅಷ್ಟೇ ಸಾಕು. ಹಸಿ ಅವರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಆದ್ದರಿಂದ ಒಂದು ಪಾವು ಹಸಿಕಾಳು ಒಂದು ಪಾವು ಒಣಕಾಳಿಗೆ ಸಮವಲ್ಲ. ಹಸಿಕಾಳಿನ ಸಾರನ್ನು ಒಣಕಾಳಿನಲ್ಲಿ ಮಾಡುವುದಾದರೆ ಅರ್ಧ ಪಾವಿನಿಂದ ಶುರುಮಾಡಿ. ಸಿಪ್ಪೆಯಿರುವ ಕಡಲೆಕಾಯಿಯದು ಇನ್ನೂ ಬೇರೆ. ಅಲ್ಲಿ ಕಾಯಿಕಾಯಿಯ ನಡುವೆಯೂ ಗಾಳಿ, ಕಾಯಿಯ ಒಳಗೂ ಗಾಳಿ. ಒಂದು ಲೀಟರಿಗೆ 300 ಗ್ರಾಂ ಬಂದರೆ ಹೆಚ್ಚು. ಸುಲಿದ ಕಡಲೆಬೀಜ ಕೂಡ ಲೀಟರಿಗೆ 620ರಿಂದ 650 ಮಾತ್ರ, ಎಣ್ಣೆ ತುಂಬಿದ ಬೀಜವಾದ್ದರಿಂದ ಮೊದಲೇ ಹಗುರ. ಹುರಿಗಡಲೆ ಹುರಿಯುವಾಗ ಉಬ್ಬಿರುತ್ತದೆ, ಅದನ್ನೂ 800ರ ಲೆಕ್ಕಕ್ಕೆ ಸೇರಿಸಬೇಡಿ.

ಹಿಟ್ಟಿಗೂ ಈ ಲೆಕ್ಕ ನಡೆಯದು. ಡಬ್ಬಿ ತುಂಬ ಕಡಲೆಬೇಳೆ ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿದರೆ ಅದೇ ಡಬ್ಬಿಗೆ ಹಿಡಿಯುವುದಿಲ್ಲ. ಜರಡಿ ಹಿಡಿದ ಕಡಲೆಹಿಟ್ಟು ಲೀಟರಿಗೆ 400 ಗ್ರಾಂ, ಒತ್ತಿ ತುಂಬಿದರೆ 500 ದಾಟುತ್ತದೆ. ಕೈ ಎಷ್ಟು ಒತ್ತಿತು ಎಂಬುದರ ಮೇಲೆ ಕಾಲು ಭಾಗದ ವ್ಯತ್ಯಾಸ ಬರುವ ಪದಾರ್ಥವನ್ನು ತೂಗುವುದೇ ಸರಿ. ನೆನೆಸಿದ ಕಾಳೂ ಬೇರೆ ಲೆಕ್ಕದ್ದು. ಒಣಕಾಳು ತನ್ನಷ್ಟೇ ತೂಕದ ನೀರು ಕುಡಿದು ಎರಡರಷ್ಟಾಗುತ್ತದೆ, ಪಾತ್ರೆಯಲ್ಲಿ ಎರಡರಷ್ಟಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ರೆಸಿಪಿಯಲ್ಲಿ "ಒಂದು ಕಪ್ ಕಾಳು, ನೆನೆಸಿ" ಎಂದಿದೆಯೋ "ನೆನೆಸಿದ ಕಾಳು ಒಂದು ಕಪ್" ಎಂದಿದೆಯೋ ಎರಡು ಸಲ ಓದಿಕೊಳ್ಳಿ. ಎರಡನೆಯದಕ್ಕೆ ಅರ್ಧ ಕಪ್ಪಿಗಿಂತ ಕಡಿಮೆ ಒಣಕಾಳು ಸಾಕು.

ದೋಸೆಗೆ ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ ಎನ್ನುವವರು ಅದನ್ನು ಗ್ರಾಂಗೆ ತಿರುಗಿಸಿಕೊಳ್ಳಬೇಕೇ ಎಂದು ಕೇಳುತ್ತಾರೆ. ಬೇಡ. ಅಕ್ಕಿ, ಉದ್ದು ಎರಡೂ ಲೀಟರಿಗೆ 800 ಚಿಲ್ಲರೆಯವೇ, ಹಾಗಾಗಿ ಅಳತೆಯಲ್ಲಿ ನಾಲ್ಕಕ್ಕೆ ಒಂದಾದದ್ದು ತೂಕದಲ್ಲೂ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದೇ. ಪಾವಿನ ಬದಲು ಹಳೆಯ ಲೋಟ ಹಿಡಿದರೂ ಹದ ಕೆಡದು. ನಮ್ಮ ಹಿರಿಯರು ಊರಿಗೊಂದು ಪಾವು ಇಟ್ಟುಕೊಂಡೂ ಒಂದೇ ಹದದ ದೋಸೆ ಹುಯ್ದದ್ದು ಹೀಗೆಯೇ. ಅದಕ್ಕೆ ಅವಲಕ್ಕಿ ಸೇರಿಸುವಾಗ ಮಾತ್ರ ಎಚ್ಚರ. ಗಟ್ಟಿ ಅವಲಕ್ಕಿ ಅಷ್ಟೇ ಅಳತೆಯ ಅಕ್ಕಿಯ ಅರ್ಧದಷ್ಟು ತೂಗುತ್ತದೆ, ಒಂದು ಪಾವು ಅವಲಕ್ಕಿ ಎಂದಿದ್ದಲ್ಲಿ 200 ಗ್ರಾಂ ಹಾಕಿದರೆ ಹಿಟ್ಟು ಅಂಟಂಟಾಗುತ್ತದೆ. ಇನ್ನು ಉದ್ದು ಎಷ್ಟು ಒದಗುತ್ತದೆ ಎಂಬುದನ್ನು ಯಾವ ತೂಕವೂ ಹೇಳದು. ಹೊಸ ಉದ್ದು ಒರಳಲ್ಲಿ ಉಬ್ಬುತ್ತದೆ, ವರ್ಷ ಕಳೆದದ್ದು ಉಬ್ಬದು. ಅದನ್ನು ರುಬ್ಬುವಾಗಲೇ ನೋಡಿಕೊಳ್ಳಬೇಕು.

ಹೋಳಿಗೆಗೆ ನನ್ನ ಸಲಹೆ ಬೇರೆ. ಬೇಳೆಯನ್ನು ಪಾವಿನಲ್ಲಿ ಅಳೆದರೂ ಬೆಲ್ಲವನ್ನು ತೂಗಿ. ಬೆಲ್ಲದ ಪುಡಿ, ಉಂಡೆ, ತುಂಡು ಒಂದೊಂದೂ ಪಾವಿನಲ್ಲಿ ಒಂದೊಂದು ರೀತಿ ಕೂರುತ್ತದೆ. ಹೂರಣ ಇಳಿದುಹೋಗುವುದು ಬಹಳ ಸಲ ಬೇಳೆ ಬೆಂದದ್ದರಿಂದಲ್ಲ, ತುಂಬಿದ ಪಾವಿನಲ್ಲಿ ಬೆಲ್ಲ ಹೆಚ್ಚಾದದ್ದರಿಂದ.

ಅಮ್ಮನ ಪುಸ್ತಕ ಇಟ್ಟುಕೊಂಡಿರುವವರಿಗೆ ಒಂದು ಕೋರಿಕೆ. ಮನೆ ಖಾಲಿ ಮಾಡುವಾಗ ಹಳೆಯ ಹಿತ್ತಾಳೆ ಪಾವನ್ನು ಹಳೆ ಪಾತ್ರೆಯವರಿಗೆ ಹಾಕಿಬಿಡುತ್ತಾರೆ. ಹಾಕುವ ಮೊದಲು ಅದಕ್ಕೊಮ್ಮೆ ನೀರು ತುಂಬಿ, ಎಷ್ಟು ಮಿಲಿಲೀಟರ್ ಹಿಡಿಯಿತು ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಆ ಒಂದು ಅಂಕಿ ಇಲ್ಲದಿದ್ದರೆ ಪುಸ್ತಕದ ಅಳತೆಗಳೆಲ್ಲ ಮುಂದಿನವರಿಗೆ ಊಹೆಯಾಗಿಬಿಡುತ್ತವೆ. ಪಾತ್ರೆಯನ್ನೇ ಉಳಿಸಿಕೊಂಡರಂತೂ ಇನ್ನೂ ಒಳ್ಳೆಯದು.

ಕಳೆದ ವಾರ ಒಬ್ಬರು ಗೃಹಪ್ರವೇಶಕ್ಕೆ ಐವತ್ತು ಜನ ಬರುತ್ತಾರೆ, ಹುಳಿಗೆ ಎಷ್ಟು ತೊಗರಿಬೇಳೆ ತರಲಿ, ಮನೆಯಲ್ಲಿ ಇರುವುದು ಪಾವು ಮಾತ್ರ ಎಂದು ಕೇಳಿದ್ದರು. ತಲೆಗೆ 30 ಗ್ರಾಂ ಹಿಡಿದರೆ ಒಂದೂವರೆ ಕಿಲೋ. ಬೇಳೆಯಾದ್ದರಿಂದ ಲೀಟರಿಗೆ 850ರ ಲೆಕ್ಕ. ನಿಮ್ಮ ಪಾವು 250 ಮಿಲಿಲೀಟರಿನದಾದರೆ ಸವರಿದ ಏಳು ಪಾವು, 200ರದಾದರೆ ಒಂಬತ್ತು. ಬೇಳೆಯನ್ನು ಹಿಂದಿನ ದಿನವೇ ಆರಿಸಿ, ಅಳೆದು ಇಟ್ಟುಕೊಳ್ಳಿ.